ಮುಖ ಮಾತ್ರ ಅವಳದು

ನನ್ನ ನಾದಿನಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅತ್ತಿಗೆ ನಾದಿನಿಯ ಪರ ವಕಾಲತ್ತು ವಹಿಸುತ್ತಿದ್ದಾಳೆ ಎಂದು ನೀವು ಅಂದುಕೊಳ್ಳಬಹುದು. ಹನ್ನೊಂದು ತಿಂಗಳ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅವಳು ನಮ್ಮ ಮನೆಯ ಬಾಗಿಲಲ್ಲಿ ನಿಂತಾಗ ನನ್ನ ಗಂಡ, ಅಂದರೆ ಅವಳ ಅಣ್ಣ, ನನ್ನನ್ನು ಒಂದು ಮಾತೂ ಕೇಳದೆ ಹಿಂದಿನ ಕೋಣೆ ಬಿಟ್ಟುಕೊಟ್ಟ. ಅವಳ ಗಂಡ ಕೆಲಸ ಹುಡುಕಿಕೊಂಡು ಹೋದವನು. ಕೆಲಸವೇನೋ ಸಿಕ್ಕಿತಂತೆ, ಮನೆಯ ದಾರಿ ಮಾತ್ರ ಮರೆತುಹೋಯಿತಂತೆ. ಎರಡು ದಿನಕ್ಕೆಂದು ಬಂದ ನಾದಿನಿ ಎಂಟು ವರ್ಷ ಕಳೆದರೂ ಅದೇ ಕೋಣೆಯಲ್ಲಿದ್ದಾಳೆ.

ಅವಳಿಗೆ ಕೆಲಸ ಕೊಡಿಸಿದವಳು ನಾನೇ. ಮನೆಯಲ್ಲಿ ಅವಳ ಮುಖ ನೋಡುತ್ತ ಕೂರುವುದು ತಪ್ಪಲಿ ಅಂತ ಕೊಡಿಸಿದ್ದೇ ಹೊರತು ಕರುಣೆಯಿಂದಲ್ಲ. ನಾನು ಆಗ ಒಂದು ಫೋಟೋ ಸ್ಟುಡಿಯೋದಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ, ಈಗಲೂ ಅದನ್ನೇ ಮಾಡುತ್ತೇನೆ. ಟೈರ್ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗಲೇ ರಬ್ಬರ್ ವಾಸನೆ ಮೂಗಿಗೆ ಅಡರುತ್ತದೆ. ಒಳಗೆ ಗೋಡೆಯ ಮೇಲಿಂದ ನೆಲದವರೆಗೆ ಇಳಿಬಿಟ್ಟ ಬಿಳಿ ಕಾಗದದ ಸುರುಳಿ, ಅದರ ಮುಂದೆ ನಾಲ್ಕೈದು ದೊಡ್ಡ ದೀಪಗಳು. ಬಟ್ಟೆ ಬದಲಿಸುವ ಕೋಣೆಗೆ ಕಿಟಕಿಯಿಲ್ಲ. ಕನ್ನಡಿಯ ಸುತ್ತ ಹನ್ನೆರಡು ಬಲ್ಬುಗಳಿವೆ, ಅದರಲ್ಲಿ ಏಳು ಉರಿಯುತ್ತವೆ. ನನ್ನ ಇಸ್ತ್ರಿ ಮೇಜು ಕಕ್ಕಸಿನ ಬಾಗಿಲಿಗೆ ಅಂಟಿಕೊಂಡಿದೆ. ಅಲ್ಲಿ ತೆಗೆಯುವುದೆಲ್ಲ ಮಕ್ಕಳ ಬಟ್ಟೆ, ಮಕ್ಕಳ ಬೂಟು, ಮಕ್ಕಳ ಚೀಲದ ಜಾಹೀರಾತು. ಆ ಪೇಪರಿನಲ್ಲಿ, ಈ ಬಸ್ಸಿನ ಮೇಲೆ ನಗುನಗುತ್ತ ನಿಂತಿರುತ್ತವಲ್ಲ ಮಕ್ಕಳು, ಅವು ಅಲ್ಲಿ ನಕ್ಕಿದ್ದು.

ನಾದಿನಿಯ ಕೆಲಸ ಪಿನ್ನು ಚುಚ್ಚುವುದು. ಜಾಹೀರಾತಿನ ಮಗುವಿನ ಬಟ್ಟೆ ಮೈಗೆ ಎರಕ ಹೊಯ್ದಂತೆ ಕೂತಿರುತ್ತದೆ ಎಂದು ನಂಬಿ ಹಣ ಕೊಡುವ ತಾಯಂದಿರು ಒಂದು ಸಲ ಆ ಮಗುವಿನ ಬೆನ್ನು ನೋಡಬೇಕು. ಮುಂದೆ ಸುಕ್ಕಿಲ್ಲ, ಹಿಂದೆ ಸಾಲಾಗಿ ಪಿನ್ನು, ಕ್ಲಿಪ್ಪು, ಒಮ್ಮೊಮ್ಮೆ ದಾರ. ಬೆಳಗಿಂದ ಸಂಜೆವರೆಗೆ ಅವಳು ತುಟಿಗಳ ನಡುವೆ ಆರೇಳು ಪಿನ್ನು ಕಚ್ಚಿಕೊಂಡೇ ಇರುತ್ತಿದ್ದಳು. ಹಾಗಾಗಿ ಮಾತು ಕಡಿಮೆ, ಎಲ್ಲದಕ್ಕೂ ಕತ್ತು ಆಡಿಸುವುದು. ಸ್ಟುಡಿಯೋದವರು ಅವಳಿಗೆ ಪಿನ್ನಕ್ಕ ಎಂದೇ ಹೆಸರಿಟ್ಟರು. ಮನೆಗೆ ಬಂದ ಮೇಲೂ ಅವಳು ತುಟಿ ಬಿಚ್ಚುತ್ತಿರಲಿಲ್ಲ. ನಾನು ಎಷ್ಟು ಚುಚ್ಚಿ ಮಾತಾಡಿದರೂ ಜಗಳಕ್ಕೆ ಸಿಗದ ಹೆಂಗಸು. ಜಗಳಕ್ಕೆ ಸಿಗದವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಬಾಳಿದವರಿಗೇ ಗೊತ್ತು.

ಆದರೆ ಕೈಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪಿನ್ನು ಚುಚ್ಚುವುದರಿಂದ ಶುರುಮಾಡಿ ಬಟ್ಟೆ ಬಿಚ್ಚಿ ಹೊಲಿಯುವುದು, ಕೊನೆಗೆ ಕಂಪನಿಯವರು ತುಂಡು ಬಟ್ಟೆ ಕಳಿಸಿದರೆ ಪೂರ್ತಿ ಉಡುಪನ್ನೇ ಕತ್ತರಿಸಿ ಹೊಲಿಯುವುದು, ಎಲ್ಲ ಅವಳ ತಲೆಗೇ ಬಂತು. ಸಂಬಳ ಮಾತ್ರ ಪಿನ್ನು ಚುಚ್ಚುವವಳದೇ ಉಳಿಯಿತು.

ಅವಳ ಮಗಳಿಗೆ ನಾವಿಟ್ಟ ಹೆಸರು ಕಡ್ಡಿ. ಏನು ತಿಂದರೂ ಮೈಗೆ ಹತ್ತದ ಹುಡುಗಿ, ಪಾದ ಮಾತ್ರ ಎರಡು ಸೈಜು ದೊಡ್ಡದು. ನಾವಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಆದ್ದರಿಂದ ಅವಳು ಶಾಲೆ ಬಿಟ್ಟ ಮೇಲೆ ನೇರ ಸ್ಟುಡಿಯೋಗೆ ಬಂದು ನನ್ನ ಇಸ್ತ್ರಿ ಮೇಜಿನ ಕೆಳಗೆ ಕೂತು ಪಾಠ ಬರೆಯುತ್ತಿದ್ದಳು. ಅವಳ ಎಡ ಮುಂಗೈ ಮೇಲೆ ಹೆಬ್ಬೆರಳಷ್ಟು ಉದ್ದದ ಸುಟ್ಟ ಕಲೆಯಿದೆ. ಅದು ನನ್ನ ಕಾಣಿಕೆ. ಅವಳು ಮೇಜಿನ ಕೆಳಗಿಂದ ಕೈ ಮೇಲೆತ್ತಿದ್ದನ್ನು ನೋಡದೆ ಇಸ್ತ್ರಿಪೆಟ್ಟಿಗೆ ಇಟ್ಟುಬಿಟ್ಟೆ. ಆ ಹುಡುಗಿ ಅಮ್ಮನಿಗೆ ತಾನೇ ಮುಟ್ಟಿದೆ ಎಂದು ಹೇಳಿತು. ಆವತ್ತಿನಿಂದ ನನಗೆ ಅವಳ ಮೇಲೆ ಸ್ವಲ್ಪ ಜಾಸ್ತಿಯೇ ಅಕ್ಕರೆ.

ಹೆಸರಾಂತವರ ಮಕ್ಕಳು ಫೋಟೋಗೆ ಬರುವ ರೀತಿಯೇ ಬೇರೆ. ಬಟ್ಟೆಯ ಅಳತೆ ನೋಡುವುದಕ್ಕೆ ಅವರು ಬರುವುದಿಲ್ಲ, ಅಳತೆಯ ಚೀಟಿ ಬರುತ್ತದೆ. ದೀಪ ಹೊಂದಿಸುವುದಕ್ಕೂ ಅವರು ನಿಲ್ಲುವುದಿಲ್ಲ. ಅದಕ್ಕೆ ಅದೇ ಎತ್ತರದ, ಅದೇ ಬಣ್ಣದ ಇನ್ನೊಂದು ಮಗು ಬೇಕು. ಅದನ್ನು ಅಳತೆ ಮಗು ಅನ್ನುತ್ತಾರೆ. ನೆಲಕ್ಕೆ ಟೇಪಿನಿಂದ ಒಂದು ಗುಣಾಕಾರದ ಗುರುತು ಅಂಟಿಸಿ ಅದರ ಮೇಲೆ ಅಳತೆ ಮಗುವನ್ನು ನಿಲ್ಲಿಸುತ್ತಾರೆ. ಗಂಟೆ, ಎರಡು ಗಂಟೆ ದೀಪವನ್ನು ಹಿಂದೆ ಮುಂದೆ ಎಳೆದಾಡುತ್ತಾರೆ. ನೆರಳು ಸರಿಹೋಯಿತು ಅನ್ನುವಾಗ ಅಳತೆ ಮಗುವನ್ನು ಪಕ್ಕಕ್ಕೆ ಸರಿಸಿ ನಿಜವಾದ ಮಗುವನ್ನು ಕರೆತರುತ್ತಾರೆ. ಅದು ಇಪ್ಪತ್ತು ನಿಮಿಷ ನಕ್ಕು ಮನೆಗೆ ಹೋಗುತ್ತದೆ.

ಕಡ್ಡಿ ಆರನೇ ವರ್ಷಕ್ಕೇ ಅಳತೆ ಮಗುವಾದಳು. ಸಿಗುತ್ತಿದ್ದದ್ದು ಬಸ್ಸಿನ ಖರ್ಚು, ಒಂದು ಪೊಟ್ಟಣ ಬಿಸ್ಕತ್ತು. ಎಷ್ಟು ಹೊತ್ತು ನಿಲ್ಲಿಸಿದರೂ ಅಲ್ಲಾಡುತ್ತಿರಲಿಲ್ಲ. ಫೋಟೋ ತೆಗೆಯುವವರು ಒಳ್ಳೆಯ ಮನುಷ್ಯರು, ಈ ಹುಡುಗಿಯ ಮೈಮೇಲೆ ಬೆಳಕು ಚೆನ್ನಾಗಿ ಕೂರುತ್ತೆ ಎಂದು ಒಂದು ದಿನ ಬಾಯಿತಪ್ಪಿ ಅಂದರು. ನಾದಿನಿ ಆ ಮಾತನ್ನು ಎದೆಯೊಳಗೆ ಕಟ್ಟಿಟ್ಟುಕೊಂಡಳು. ಎಂದಾದರೂ ಒಂದು ದಿನ ನಿಜವಾದ ಮಗು ಬಾರದೆ ಹೋದರೆ, ಎಂದಾದರೂ ಒಬ್ಬರು ಇವಳನ್ನೇ ತೆಗೆದುಬಿಡೋಣ ಅಂದರೆ ಎಂದು ಅವಳ ಆಸೆ. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕೆಲಸವಿಲ್ಲದ ದಿನವೂ ಮಗಳ ತಲೆಗೆ ಎಣ್ಣೆ ಹಾಕದೆ, ಕೂದಲು ಹಾರುವಂತೆ ತೊಳೆದು ಕರೆತರುತ್ತಿದ್ದಳು. ನನಗೆ ನೋಡಿದರೆ ಗೊತ್ತಾಗುವುದಿಲ್ಲವೇ.

ಹೋದ ವರ್ಷ ಬೂಟು, ಬಟ್ಟೆ ಎರಡನ್ನೂ ಮಾರುವ ಒಂದು ದೊಡ್ಡ ಕಂಪನಿಗೆ ಒಬ್ಬ ನಟನ ಮಗಳು ಮಾಡೆಲ್ ಆದಳು. ಕಡ್ಡಿಯ ಓರಗೆಯವಳೇ. ಅವಳಿಗೆ ಕೊಟ್ಟ ಹಣದ ಸುದ್ದಿ ಪೇಪರಿನಲ್ಲಿ ಬಂತು. ನಾನು ಮತ್ತು ನಾದಿನಿ ಇಬ್ಬರೂ ಹಲ್ಲು ಉದುರುವವರೆಗೆ ದುಡಿದರೂ ಅದರ ಕಾಲು ಭಾಗ ಕಾಣುವುದಿಲ್ಲ. ಸ್ಟುಡಿಯೋದಲ್ಲಿ ಅವತ್ತೆಲ್ಲ ಅದೇ ಮಾತು. ಅಪ್ಪನ ಹೆಸರಿಗೆ ಕೊಟ್ಟ ಹಣ ಅದು, ಮಗುವಿಗಲ್ಲ ಎಂದು ಕೆಲವರು. ಕೊಡುವವರಿಗೆ ಕಣ್ಣಿಲ್ಲವೇ, ಅವಳಿಂದ ಹತ್ತರಷ್ಟು ಮಾಲು ಮಾರುತ್ತಾರೆ, ನಿಮಗೇಕೆ ಹೊಟ್ಟೆಯುರಿ ಎಂದು ಇನ್ನು ಕೆಲವರು. ನನಗೆ ಹೊಟ್ಟೆಯುರಿಯೇ, ಮುಚ್ಚಿಡುವುದಕ್ಕೇನಿದೆ. ಎಂಟೊಂಬತ್ತು ವರ್ಷದ ಮಗು ಅಷ್ಟು ಹಣ ತೆಗೆದುಕೊಳ್ಳುವುದು ಸರಿಯೋ ತಪ್ಪೋ ಎಂದು ಕೇಳುವವರನ್ನು ನಾನು ಕೇಳುವುದು ಇಷ್ಟೇ, ಯಾವ ಕೆಲಸಕ್ಕೆ? ನಾದಿನಿ ಮಾತ್ರ ಬಾಯಿಂದ ಪಿನ್ನು ತೆಗೆದು, ತಗೊಳ್ಳಲಿ ಬಿಡಿ ಅತ್ತಿಗೆ, ನಮ್ಮ ಜೇಬಿಂದ ಹೋಗುತ್ತಾ ಅಂದಳು. ಆ ಹುಡುಗಿಯ ಹತ್ತು ಉಡುಪು ಹೊಲಿಯುವ ಕೆಲಸ ಅವಳಿಗೆ ಸಿಕ್ಕಿತ್ತು, ಅದಕ್ಕೆ ಆ ಔದಾರ್ಯ.

ಬಟ್ಟೆ ಕಂಪನಿಯಿಂದ ಎಣಿಸಿ ಕಳಿಸಿದ್ದು. ಆ ಚಿತ್ತಾರದ ಬಟ್ಟೆ ಇನ್ನೂ ಅಂಗಡಿಗೆ ಬಂದಿರಲಿಲ್ಲ, ಹೆಚ್ಚುವರಿ ಒಂದು ಗೇಣೂ ಇರಲಿಲ್ಲ. ನಟನ ಮನೆಯಿಂದ ಅಳತೆಯ ಚೀಟಿ ಬಂತು. ನಾದಿನಿ ನೋಡಿದಳು, ಎದೆ, ಸೊಂಟ, ತೋಳು ಎಲ್ಲ ಕಡ್ಡಿಯದೇ ಅಳತೆ. ಚೀಟಿಯನ್ನು ಮಡಿಸಿ ಪಕ್ಕಕ್ಕಿಟ್ಟು ಮಗಳ ಮೈಮೇಲೇ ಬಟ್ಟೆ ಹಾಕಿ ಕತ್ತರಿಸಿದಳು. ಇಪ್ಪತ್ತು ದಿನ ಹೊಲಿದಳು.

ಇಲ್ಲಿ ಅವಳು ಒಂದು ತಪ್ಪು ಮಾಡಿದಳು. ಹೊಲಿಯುವವರು ಯಾರಾದರೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾರೆ, ಬಿಗಿಯಾದರೆ ಬಿಚ್ಚುವುದಕ್ಕೆ. ಇಷ್ಟು ವರ್ಷದಿಂದ ಹೊಲಿಯುವ ಅವಳಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಆ ಒಳ ಅಂಚು ದೀಪದ ಬೆಳಕಿಗೆ ಗೆರೆಯ ಹಾಗೆ ಕಾಣುತ್ತಿತ್ತು. ಉಡುಪು ಮಗಳ ಮೈಮೇಲೆ ಅಷ್ಟು ಚೆಂದವಾಗಿ ಕೂತಿತ್ತು, ಆ ಒಂದು ಗೆರೆ ಅವಳ ಕಣ್ಣು ಚುಚ್ಚಿತು. ಅಂಚನ್ನು ಕತ್ತರಿಸಿ ಬಿಸಾಡಿದಳು. ಒಂದರದ್ದಲ್ಲ, ಹತ್ತರದ್ದೂ. ಬೇರೆ ಮಗುವಿನ ಮೈಮೇಲೆ ಇದ್ದಿದ್ದರೆ ಅವಳು ಹಾಗೆ ಮಾಡುತ್ತಿರಲಿಲ್ಲ. ಮಗಳನ್ನು ಆ ಬಟ್ಟೆಯಲ್ಲಿ ಕನ್ನಡಿಯ ಮುಂದೆ ನಿಲ್ಲಿಸಿ ಅವಳು ನೋಡಿದ ರೀತಿ ನಾನು ಕಂಡಿದ್ದೆ. ಇದು ಯಾರ ಬಟ್ಟೆ ಎನ್ನುವುದೇ ಮರೆತುಹೋದವಳಂತೆ ನಿಂತಿದ್ದಳು.

ಆ ಚೀಟಿ ಅದಕ್ಕೂ ಹಿಂದಿನ ವರ್ಷದ್ದು. ನಟನ ಮನೆಯಲ್ಲಿ ಯಾರೋ ಹಳೆಯದನ್ನೇ ನಕಲು ಮಾಡಿ ಕಳಿಸಿದ್ದರು.

ಭಾನುವಾರ ಬೆಳಿಗ್ಗೆ ಹುಡುಗಿ ಬಂದಳು, ಜೊತೆಗೆ ಅವಳಮ್ಮ, ಅಂದರೆ ನಟನ ಹೆಂಡತಿ. ಹುಡುಗಿ ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಳು. ಮೊದಲ ಉಡುಪು ಬೆನ್ನಿನಲ್ಲಿ ಕೂಡಲಿಲ್ಲ, ನಾಲ್ಕು ಬೆರಳು ಅಗಲ ಬಾಯಿಬಿಟ್ಟುಕೊಂಡು ನಿಂತಿತು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ನಾದಿನಿ ಒಳಗೆ ಬೆರಳಾಡಿಸಿ ಅಂಚು ಹುಡುಕಿದಳು. ಇಲ್ಲವೆಂದು ಅವಳಿಗೇ ಗೊತ್ತಿತ್ತು, ಆದರೂ ಹುಡುಕಿದಳು. ನಟನ ಹೆಂಡತಿ ಮಗಳಿಗೆ, ಬೇಡ ಬೇಡ ಅಂದ್ರೂ ತಿಂತೀಯ ಎಂದು ಹಲ್ಲು ಕಚ್ಚಿ ಹೇಳಿದಳು. ಮಗು ಅಳಲು ಶುರುಮಾಡಿತು. ಮೇಕಪ್ ಎಲ್ಲ ಕರಗಿ ಕೆನ್ನೆಗಿಳಿಯಿತು.

ಜಾಹೀರಾತು ಕಂಪನಿಯ ಮೇಡಂ ನಾದಿನಿಯನ್ನು ನನ್ನ ಇಸ್ತ್ರಿ ಮೇಜಿನ ಹತ್ತಿರಕ್ಕೆ ಕರೆದರು. ಕಿರುಚಲಿಲ್ಲ, ಬೆಣ್ಣೆಯ ಹಾಗೆ ಮಾತಾಡಿದರು. ಚೀಟಿ ಹಳೆಯದಿರಬಹುದು, ಆದರೆ ಅಂಚು ಬಿಡದೆ ಕತ್ತರಿಸಿದ್ದು ಯಾರು? ಈ ದಿನದ ನಷ್ಟ ಯಾರು ತುಂಬುತ್ತಾರೆ? ಒಂದು ದಾರಿಯಿದೆ. ಬೆನ್ನು ತೆರೆದಂತೆಯೇ ಆ ಮಗುವಿನ ಮುಖದ ಫೋಟೋ ತೆಗೆದುಬಿಡೋಣ. ಓಡುವುದು, ಹಾರುವುದು, ಬೂಟಿನ ದಾರ ಕಟ್ಟುವುದು, ಹಿಂದಿನಿಂದ ಕಾಣುವುದು ಎಲ್ಲ ನಿನ್ನ ಮಗಳು ಮಾಡಲಿ. ಮುಖ ಕಂಪ್ಯೂಟರಿನಲ್ಲಿ ಕೂರಿಸಿಕೊಳ್ಳುತ್ತೇವೆ. ಆಗ ನಿನ್ನ ತಪ್ಪನ್ನು ನಾವು ಮರೆಯುತ್ತೇವೆ. ಹೀಗೆ ಹೇಳಿ ಒಂದು ಕಾಗದ ಮುಂದಿಟ್ಟರು. ಈ ವಿಷಯ ಯಾರಿಗಾದರೂ ಬಾಯಿಬಿಟ್ಟರೆ ಇಷ್ಟು ದಂಡ ಎಂದು ಅದರಲ್ಲಿತ್ತು. ಆ ಅಂಕಿಯಲ್ಲಿ ಎಷ್ಟು ಸೊನ್ನೆಗಳಿವೆ ಎಂದು ನಾನು ಎರಡು ಸಲ ಎಣಿಸಿದೆ. ನಾದಿನಿ ರುಜು ಹಾಕಿದಳು. ನಾನೂ ಅಲ್ಲೇ ಇದ್ದೆನಲ್ಲ, ಸಾಕ್ಷಿ ಎಂದು ನನ್ನಿಂದಲೂ ಹಾಕಿಸಿದರು.

ನಟನ ಮಗಳು ಇಪ್ಪತ್ತು ನಿಮಿಷ ನಿಂತಳು. ಅವಳನ್ನು ಬೈಯಲು ನನಗೆ ಮನಸ್ಸಿಲ್ಲ. ಆ ಮಗುವಿಗೆ ಮೋಸ, ಹಣ ಏನೂ ಗೊತ್ತಿರಲಿಲ್ಲ. ಮುಗಿದ ಮೇಲೆ ಕಡ್ಡಿಯ ಹತ್ತಿರ ಬಂದು, ಪಿನ್ನು ಚುಚ್ಚುತ್ತಾ ಎಂದು ಕೇಳಿತು. ಉಸಿರು ಬಿಗಿ ಹಿಡಿದರೆ ಚುಚ್ಚಲ್ಲ ಎಂದು ಕಡ್ಡಿ ಹೇಳಿಕೊಟ್ಟಳು. ಇಬ್ಬರೂ ಕೈ ಕೈ ತಟ್ಟಿಕೊಂಡು ಏನೋ ಆಡತೊಡಗಿದರು. ಅಷ್ಟರಲ್ಲಿ ನಟನ ಹೆಂಡತಿ ಮಗಳನ್ನು ಕರೆದುಕೊಂಡು ಕಾರು ಹತ್ತಿದಳು.

ಕಡ್ಡಿ ಹತ್ತು ಗಂಟೆಯಿಂದ ಐದು ಗಂಟೆಯವರೆಗೆ ಓಡಿದಳು. ಬಿಳಿ ಕಾಗದದ ಮೇಲೆ ಮೂರು ಹೆಜ್ಜೆ ಓಡುವುದು, ನಿಲ್ಲುವುದು, ಹಿಂದಕ್ಕೆ ಹೋಗಿ ಮತ್ತೆ ಓಡುವುದು. ಬೂಟುಗಳೂ ಅದೇ ಚೀಟಿಯ ಅಳತೆಯವು, ಅವಳ ದೊಡ್ಡ ಪಾದಕ್ಕೆ ಕಚ್ಚುತ್ತಿದ್ದವು. ಸಂಜೆ ಬಿಚ್ಚಿದಾಗ ಎರಡೂ ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲಕ್ಕೆ ಅಂಟಿತ್ತು. ನಾನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದೆ. ಅವಳು ಅಳಲಿಲ್ಲ. ಅತ್ತೆ, ಈ ಸಲ ನಿಜವಾಗಿ ಫೋಟೋ ತೆಗೆದ್ರು, ಬರೀ ಬೆಳಕು ನೋಡೋಕಲ್ಲ ಎಂದು ಹೇಳಿದಳು. ಅವಳ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಸಂಕಟವಾಯಿತು. ಮುಖ ಬರುವುದಿಲ್ಲ ಕಣೇ ಎಂದು ತಿಳಿಸಿ ಹೇಳುವ ಧೈರ್ಯ ನನಗೂ ಬರಲಿಲ್ಲ, ಅವಳ ಅಮ್ಮನಿಗೂ ಬರಲಿಲ್ಲ. ಯಾರಿಗೂ ಹೇಳಬಾರದು ಎಂದಷ್ಟೇ ಆಣೆ ಹಾಕಿಸಿದೆವು.

ಎರಡು ತಿಂಗಳಲ್ಲಿ ರಸ್ತೆ ತುಂಬ ಆ ಹುಡುಗಿ. ಬಸ್ಸಿನ ಪಕ್ಕದಲ್ಲಿ, ಅಂಗಡಿಯ ಗಾಜಿನಲ್ಲಿ, ಸೇತುವೆಯ ಮೇಲೆ ಮೂರು ಆಳು ಎತ್ತರ. ಕಡ್ಡಿ ಮೊದಲ ಸಲ ನೋಡಿದಾಗ ಬಹಳ ಹೊತ್ತು ನಿಂತಳು. ಮುಖದ ವಿಷಯ ಕೇಳಲಿಲ್ಲ. ನನ್ನ ಕಲೆ ಎಲ್ಲಿ ಅತ್ತೆ ಎಂದಳು. ಮುಂಗೈ ಮೇಲಿನ ಸುಟ್ಟ ಕಲೆಯನ್ನು ಕಂಪ್ಯೂಟರಿನಲ್ಲಿ ಒರೆಸಿಬಿಟ್ಟಿದ್ದರು. ನಾನು ಮಾಡಿದ ಕಲೆ ಅದು, ಹೋದರೆ ನಾನು ಖುಷಿಪಡಬೇಕಿತ್ತು. ಖುಷಿಯಾಗಲಿಲ್ಲ.

ಅದರ ಬೆನ್ನಿಗೇ ಪೇಪರಿನಲ್ಲಿ ನಟನ ಹೆಂಡತಿಯ ಸಂದರ್ಶನ. ಇಷ್ಟು ಚಿಕ್ಕ ಮಗುವಿಗೆ ಇಷ್ಟು ಹಣ ಸರಿಯೇ ಎಂದು ಕೇಳಿದ್ದರು. ಅವಳ ಉತ್ತರ ಹೀಗಿತ್ತು. ನನ್ನ ಮಗಳು ಏಳು ಗಂಟೆ ದೀಪದ ಕೆಳಗೆ ಓಡಿದ್ದಾಳೆ, ಹಿಮ್ಮಡಿ ಸುಲಿದು ಹೋದರೂ ಅತ್ತಿಲ್ಲ, ಅವಳ ಗಳಿಕೆ ಅವಳ ಬೆವರಿನದು, ದುಡಿಮೆಯ ಬೆಲೆಯನ್ನು ನಾವು ಮಕ್ಕಳಿಗೆ ಈಗಿನಿಂದಲೇ ಕಲಿಸುತ್ತಿದ್ದೇವೆ. ಹಿಮ್ಮಡಿಯ ವಿಷಯ ಅವಳಿಗೆ ಆ ಮೇಡಂ ಹೇಳಿರಬೇಕು. ನಾನು ಅದನ್ನು ನಾದಿನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಹಣ ತಿಂದರು, ಹಾಳಾಗಿ ಹೋಗಲಿ, ಹುಣ್ಣನ್ನೂ ಬಿಡಲಿಲ್ಲವಲ್ಲ ಎಂದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೂರು ಸಲ ನೋಡಿದರೂ ದಾರ ಒಳಗೆ ಹೋಗಲಿಲ್ಲ.

ಕಡ್ಡಿಯ ಶಾಲೆಯಲ್ಲಿ ವಾರಕ್ಕೊಂದು ಚರ್ಚೆ ನಡೆಯುತ್ತದೆ. ಆ ವಾರದ ವಿಷಯ, ತಾರೆಯರ ಮಕ್ಕಳು ಮಾಡೆಲಿಂಗ್ ಮಾಡಿ ದೊಡ್ಡ ಹಣ ಗಳಿಸುವುದು ಸರಿಯೋ ತಪ್ಪೋ. ಟೀಚರ್ ಪೇಪರ್ ನೋಡಿಯೇ ವಿಷಯ ಕೊಟ್ಟಿರಬೇಕು. ಕಿಟಕಿ ಕಡೆಯ ಬೆಂಚುಗಳು ಸರಿ ಅನ್ನಬೇಕು, ಬಾಗಿಲ ಕಡೆಯವು ತಪ್ಪು ಅನ್ನಬೇಕು. ಕಡ್ಡಿ ಕಿಟಕಿ ಕಡೆಯವಳು. ಅವಳ ಬೆಂಚಿನ ಹುಡುಗಿಯೊಬ್ಬಳು ಪೇಪರಿನ ಆ ತುಂಡನ್ನು ಕತ್ತರಿಸಿ ತಂದು ಭಾಷಣ ಮಾಡಿದಳಂತೆ. ಏಳು ಗಂಟೆ ಓಡಿದಳು, ಹಿಮ್ಮಡಿ ಸುಲಿಯಿತು, ಆದ್ದರಿಂದ ಅವಳು ಗಳಿಸಿದ್ದು ಸರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಕಡ್ಡಿ ಎದ್ದು ನಿಂತು, ಆ ಹಿಮ್ಮಡಿ ನಂದು ಅಂದಳು.

ತರಗತಿ ಗೊಳ್ಳೆಂದಿತು. ಟೀಚರ್ ಸುಮ್ಮನಿರಿಸಿ ಏನೆಂದು ಕೇಳಿದರು. ಆಣೆ ಹಾಕಿದ್ದನ್ನು ಮರೆತು ಹುಡುಗಿ ಎಲ್ಲ ಹೇಳಿಬಿಟ್ಟಳು. ಉಡುಪು ಕೂಡದಿದ್ದದ್ದು, ಆ ಹುಡುಗಿ ಇಪ್ಪತ್ತು ನಿಮಿಷ ನಿಂತದ್ದು, ಕೈ, ಕಾಲು, ಬೆನ್ನು ಎಲ್ಲ ತನ್ನವೆಂದು. ಹಾಗಾದರೆ ನಿನ್ನ ಕಲೆ ಎಲ್ಲಿ ಎಂದು ಒಬ್ಬ ಹುಡುಗ ಕೇಳಿದ. ಒರೆಸಿದ್ದಾರೆ ಎಂದಳು. ಅದಕ್ಕೆ ಇನ್ನೂ ನಕ್ಕರು. ಟೀಚರ್ ಬೈಯಲಿಲ್ಲ. ಆಸೆಪಡುವುದು ತಪ್ಪಲ್ಲ, ಸುಳ್ಳು ಹೇಳುವುದು ತಪ್ಪು, ತರಗತಿಯ ಮುಂದೆ ಕ್ಷಮೆ ಕೇಳು ಎಂದರು. ಕೇಳಲ್ಲ, ನಮ್ಮಮ್ಮನ್ನ ಬೇಕಾದ್ರೆ ಕೇಳಿ ಎಂದಳು ಕಡ್ಡಿ.

ಅವತ್ತು ಸಂಜೆ ಸ್ಟುಡಿಯೋಗೆ ಬಂದವಳ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ. ಟೀಚರ್ ಬರೆದ ಚೀಟಿಯನ್ನು ಅಮ್ಮನ ಕೈಗಿತ್ತು, ನಡೆದದ್ದನ್ನೆಲ್ಲ ಹೇಳಿ, ನಾಳೆ ಬೆಳಿಗ್ಗೆ ಬಾ ಅಮ್ಮಾ, ನೀನು ಹೇಳಿದ್ರೆ ಅವರೆಲ್ಲ ಬಾಯಿ ಮುಚ್ಕೋತಾರೆ ಅಂದಳು. ಆಣೆ ಮುರಿದದ್ದಕ್ಕೆ ಬೈಗುಳ ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದಕ್ಕೆ ತಯಾರಾಗಿಯೇ ಬಂದಿದ್ದಳು. ಅಮ್ಮ ಬೇರೇನಾದರೂ ಹೇಳಬಹುದು ಎನ್ನುವುದು ಮಾತ್ರ ಆ ಮಗುವಿನ ಮನಸ್ಸಿಗೆ ಹೊಳೆದೇ ಇರಲಿಲ್ಲ.

ನಾದಿನಿ ನನ್ನ ಹತ್ತಿರ ಬಂದಳು. ಎಂಟು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಿಜ ಹೇಳಿಬಿಡ್ಲಾ ಅತ್ತಿಗೆ ಎಂದಳು.

ನಾನು ಹೌದು ಎನ್ನಬಹುದಿತ್ತು. ಆ ಪುಟ್ಟ ಶಾಲೆಯ ಟೀಚರ್ ಒಬ್ಬರಿಗೆ ಗೊತ್ತಾದರೆ ಯಾವ ಆಕಾಶ ಕಳಚಿ ಬೀಳುತ್ತಿತ್ತು? ಆದರೆ ನಲವತ್ತು ಮಕ್ಕಳ ತರಗತಿ. ನಲವತ್ತು ಮಕ್ಕಳಿಗೆ ಎಂಬತ್ತು ಅಪ್ಪ ಅಮ್ಮ. ಅದರಲ್ಲಿ ಒಬ್ಬರು ಫೋನಿನಲ್ಲಿ ಬರೆದುಹಾಕಿದರೆ ಮುಗಿಯಿತು. ನನ್ನ ಗಂಡ ಕೆಲಸ ಕಳೆದುಕೊಂಡು ಎಂಟು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದದ್ದು ನಮ್ಮಿಬ್ಬರ ಸಂಬಳದಲ್ಲಿ, ಆ ಕಾಗದದಲ್ಲಿ ನನ್ನ ರುಜುವೂ ಇತ್ತು. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ಅವಳಿಗೆ ಹೇಳಿದೆ.

"ನಿಂಗೇನ್ ತಲೆ ಕೆಟ್ಟಿದ್ಯಾ? ಸುಳ್ಳು ಅಂತ ಹೇಳ್ಬಿಟ್ಟು ಬಾ. ಮಕ್ಕಳ ಕೋಪ ಎಷ್ಟು ದಿನ ಇರುತ್ತೆ, ಎರಡು ದಿನಕ್ಕೆ ಮರೀತಾಳೆ."

ಎಷ್ಟು ಸಲೀಸಾಗಿ ಹೇಳಿದೆ. ಆ ಮಾತನ್ನು ಈಗ ನೆನೆದರೆ ನನ್ನ ನಾಲಿಗೆ ಸುಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಬೆಳಿಗ್ಗೆ ಮೂವರೂ ಹೋದೆವು. ಒಬ್ಬಳೇ ಹೋಗಲಾರೆ ಎಂದಳು, ಅದಕ್ಕೆ ನಾನೂ ಹೋದೆ. ಕಡ್ಡಿ ನಮ್ಮಿಬ್ಬರ ಕೈ ಹಿಡಿದು ನಡುವೆ ಕುಣಿಯುತ್ತ ನಡೆದಳು. ಟೀಚರ್ ವಯಸ್ಸಾದವರು, ಸಂಭಾವಿತರು. ಬಾಗಿಲ ಹೊರಗೆ ನಿಲ್ಲಿಸದೆ ಒಳಗೆ ಕರೆದು ಕುರ್ಚಿ ಕೊಟ್ಟರು. ಮಕ್ಕಳೆಲ್ಲ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮಗು ಹೀಗೆ ಹೇಳುತ್ತಿದೆ, ನಿಜವಾಗಿದ್ದರೆ ನಾನೇ ಅವಳ ಹತ್ತಿರ ಕ್ಷಮೆ ಕೇಳುತ್ತೇನೆ, ಎಲ್ಲ ಮಕ್ಕಳ ಮುಂದೆಯೇ ಕೇಳುತ್ತೇನೆ, ನಿಜವೇನು ಹೇಳಿ ಎಂದರು. ಅಷ್ಟು ಒಳ್ಳೆಯ ಮಾತನ್ನು ಅವರು ಆಡದಿದ್ದರೆ ಚೆನ್ನಾಗಿತ್ತು.

ಕಡ್ಡಿ ತರಗತಿಯ ಕಡೆ ಒಮ್ಮೆ ನೋಡಿ, ಗೆದ್ದವಳ ಹಾಗೆ ಅಮ್ಮನ ಕಡೆ ತಿರುಗಿ ನಿಂತಳು.

"ಇಲ್ಲ ಟೀಚರ್," ಎಂದಳು ನಾದಿನಿ. "ಹಾಗೇನೂ ಆಗಿಲ್ಲ. ಅವಳು ಸುಳ್ಳು ಹೇಳಿದ್ಲು."

ಟೀಚರ್ ನನ್ನ ಕಡೆ ನೋಡಿದರು. ನಾನು ಸುಮ್ಮನಿದ್ದರೂ ಆಗುತ್ತಿತ್ತು. ಕತೆ ಕಟ್ಟುವುದರಲ್ಲಿ ನಮ್ಮ ಹುಡುಗಿ ಎತ್ತಿದ ಕೈ ಎಂದು ಹಲ್ಲು ಕಿಸಿದೆ. ಮಕ್ಕಳು ನಕ್ಕರು.

ಕಡ್ಡಿ ಅಳುತ್ತಾಳೆ, ನೆಲಕ್ಕೆ ಬಿದ್ದು ಹೊರಳುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಅಮ್ಮನ ಮುಖ ನೋಡಿದಳು. ನಮ್ಮ ಕೈ ಬಿಟ್ಟು ತರಗತಿಯ ಮುಂದೆ ಹೋಗಿ ನಿಂತು, ನಾನು ಹೇಳಿದ್ದು ಸುಳ್ಳು, ತಪ್ಪಾಯ್ತು ಎಂದು ಒಪ್ಪಿಸಿದಳು. ಟೀಚರ್ ಅವಳ ತಲೆ ಸವರಿದರು. ನಮ್ಮನ್ನು ಬಾಗಿಲವರೆಗೆ ಬಿಡಲು ಬಂದು, ಮಕ್ಕಳ ತಪ್ಪು ಮುಚ್ಚಿಡದ ತಾಯಂದಿರು ಈಗ ಎಲ್ಲಿದ್ದಾರೆ, ನಿಮ್ಮಂಥವರನ್ನು ನೋಡಿ ಸಂತೋಷವಾಯಿತು ಎಂದು ನಾದಿನಿಯ ಕೈ ಹಿಡಿದುಕೊಂಡರು. ಗೇಟು ದಾಟಿದ ಮೇಲೆ ನಾದಿನಿ ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಇಬ್ಬರೂ ಕೆಲಸಕ್ಕೆ ಹೋದೆವು.

ಚರ್ಚೆಯ ಬಹುಮಾನ ಪೇಪರ್ ತುಂಡು ಓದಿದ ಹುಡುಗಿಗೆ ಬಂತಂತೆ. ಕಡ್ಡಿಗೆ ಶಾಲೆಯಲ್ಲಿ ಹಿಮ್ಮಡಿ ಎಂದು ಹೆಸರು ಬಿತ್ತು. ಇದನ್ನೂ ನಮಗೆ ಹೇಳಿದ್ದು ಪಕ್ಕದ ಮನೆಯ ಹುಡುಗ, ಅವಳಲ್ಲ. ಎರಡು ದಿನಕ್ಕೆ ಮರೆಯುತ್ತಾಳೆ ಎಂದಿದ್ದೆನಲ್ಲ, ನಿಜವಾಗಿ ಮರೆತವಳಂತೆಯೇ ಇದ್ದಳು. ಊಟ ಮಾಡಿದಳು, ಪಾಠ ಬರೆದಳು, ಟೇಪಿನ ಗುರುತಿನ ಮೇಲೆ ನಿಲ್ಲು ಎಂದಾಗ ನಿಂತಳು. ಶಾಲೆಯಲ್ಲಿ ಏನಾಯ್ತು ಎಂದರೆ ಏನಿಲ್ಲ. ಯಾಕೆ ಸಪ್ಪಗಿದ್ದೀಯ ಎಂದರೆ ಏನಿಲ್ಲ. ಹೊಟ್ಟೆನೋವು ಬಂದರೂ ಹೇಳದೆ ಮುದುಡಿಕೊಂಡು ಮಲಗುತ್ತಿದ್ದಳು. ನಾದಿನಿ ಅವಳಿಗೆ ಆ ಹತ್ತು ಉಡುಪುಗಳಲ್ಲಿ ಒಂದನ್ನು ಸ್ಟುಡಿಯೋದವರಲ್ಲಿ ಬೇಡಿ ತಂದುಕೊಟ್ಟಳು. ಕಡ್ಡಿ ಥ್ಯಾಂಕ್ಸ್ ಎಂದಳು. ತಾಯಿಗೆ ಥ್ಯಾಂಕ್ಸ್ ಹೇಳುವ ಮಗಳನ್ನು ನಾನು ಅದೇ ಮೊದಲು ನೋಡಿದ್ದು. ಉಡುಪನ್ನು ಹಾಕಿಕೊಳ್ಳಲಿಲ್ಲ.

ಹೋದ ವಾರ ಅವಳು ಶಾಲೆಯಿಂದ ಬಂದಾಗ ಕೆಳತುಟಿ ಸೀಳಿತ್ತು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ಅಂಗಿಯ ತೋಳು ಭುಜದಿಂದ ಹರಿದು ಜೋತಾಡುತ್ತಿತ್ತು, ಅದರ ಮೇಲೆ ಯಾರದೋ ಬೂಟಿನ ಗುರುತು ಮೂಡಿತ್ತು. ನಾವಿಬ್ಬರೂ ಅವತ್ತು ಮನೆಯಲ್ಲೇ ಇದ್ದೆವು. ಏನಾಯ್ತು ಎಂದು ನಾದಿನಿ ಕೇಳಿದಳು. ಬಿದ್ದೆ ಎಂದಳು ಕಡ್ಡಿ. ಯಾರು ತಳ್ಳಿದ್ರು ಎಂದರೆ ಬಿದ್ದೆ. ಯಾರು ಹೊಡೆದ್ರು ಎಂದರೂ ಬಿದ್ದೆ. ತುಟಿಯ ರಕ್ತ ಒರೆಸಲು ಹೋದರೆ ಬಟ್ಟೆಯನ್ನು ಅಮ್ಮನ ಕೈಯಿಂದ ತೆಗೆದುಕೊಂಡು ತಾನೇ ಒರೆಸಿಕೊಂಡಳು.

ಜಗಳವೆಂದರೆ ದೂರ ಓಡುವ ನನ್ನ ನಾದಿನಿ ಅವತ್ತು ಹುಚ್ಚು ಹಿಡಿದವಳಂತೆ ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಕೈಚೀಲ ಎತ್ತಿಕೊಂಡಳು. ಟೀಚರ್ ಇನ್ನೂ ಶಾಲೆಯಲ್ಲೇ ಇರುತ್ತಾರೆ, ಯಾರ ಮಕ್ಕಳಾದರೂ ಸರಿ, ಅವರ ಅಪ್ಪ ಅಮ್ಮ ಎಷ್ಟು ದೊಡ್ಡವರಾದರೂ ಸರಿ, ಇವತ್ತು ನಾನು ಬಿಡುವುದಿಲ್ಲ ಎಂದಳು. ಅವಳ ಗಂಟಲಿನಿಂದ ಅಂಥ ದನಿ ಬಂದದ್ದನ್ನು ನಾನು ಕೇಳಿರಲಿಲ್ಲ. ನಾನೂ ಎದ್ದೆ. ನಡಿಯೇ, ಬಾ ನಮ್ಮ ಜೊತೆ, ಯಾರು ಅಂತ ತೋರಿಸು ಎಂದು ಕಡ್ಡಿಯ ಭುಜ ಹಿಡಿದೆ.

ಅವಳು ಭುಜ ಬಿಡಿಸಿಕೊಂಡಳು. ಮುರಿದ ಹಲ್ಲಿನಿಂದ ಮಾತು ಸ್ವಲ್ಪ ತೊದಲುತ್ತಿತ್ತು. ಆದರೆ ಕೋಪವಿರಲಿಲ್ಲ, ಗೊತ್ತಿಲ್ಲದವರಿಗೆ ವಿಷಯ ತಿಳಿಸಿ ಹೇಳುವಂತೆ ಹೇಳಿದಳು.

"ಬೇಡ ಅಮ್ಮಾ. ನೀನು ಬಂದ್ರೆ ನಾನು ನಿಜ ಹೇಳಿದ್ರೂ ಸುಳ್ಳಾಗುತ್ತೆ."

ನಾದಿನಿ ಬಾಗಿಲಲ್ಲೇ ನಿಂತಳು. ಕಡ್ಡಿ ಹರಿದ ತೋಳನ್ನು ಮೇಲಕ್ಕೆಳೆದುಕೊಂಡು, ನನ್ನ ಕಡೆ ನೋಡದೆ, ಅತ್ತೆನೂ ಬರೋದು ಬೇಡ ಎಂದಳು.